ಹತ್ತು ಬಾಳಿನ ಕೈ

ನಾನು ಒಂದು ಉಕ್ಕಿನ ಕೈ. ಉದ್ದ ಒಂದೂವರೆ ಅಡಿಗಿಂತ ಸ್ವಲ್ಪ ಹೆಚ್ಚು. ದಪ್ಪ ಎಂಟು ಮಿಲಿಮೀಟರು. ಒಂದು ತುದಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಎರಡು ದವಡೆಗಳಿವೆ. ಇನ್ನೊಂದು ತುದಿಯಲ್ಲಿ ನಾಲ್ಕು ಪುಟ್ಟ ಗಾಲಿಗಳಿವೆ. ಗಾಲಿಗಳಿಂದ ದವಡೆಗಳವರೆಗೆ ನನ್ನ ಟೊಳ್ಳು ಮೈಯೊಳಗೆ ಕೂದಲಿನಂಥ ಲೋಹದ ಎಳೆಗಳು ಹಾದುಹೋಗಿವೆ. ಗಾಲಿ ತಿರುಗಿದರೆ ಎಳೆ ಜಗ್ಗುತ್ತದೆ. ಎಳೆ ಜಗ್ಗಿದರೆ ಮಣಿಕಟ್ಟು ಬಾಗುತ್ತದೆ, ಬಾಯಿ ತೆರೆಯುತ್ತದೆ, ಮುಚ್ಚುತ್ತದೆ. ನನ್ನ ಕೆಲಸ ಒಂದೇ: ಶಸ್ತ್ರಕ್ರಿಯೆಯಲ್ಲಿ ಸೂಜಿ ಹಿಡಿಯುವುದು.

ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ, ಧೂಳಿನ ಕಣವೂ ಇರದ ಕೋಣೆಯಲ್ಲಿ ನನ್ನನ್ನು ಜೋಡಿಸಿದರು. ಜೋಡಿಸಿದವರು ತಲೆಯಿಂದ ಕಾಲಿನವರೆಗೆ ಬಿಳಿಯ ಬಟ್ಟೆ ತೊಟ್ಟಿದ್ದರು. ಅವರ ಕಣ್ಣುಗಳನ್ನು ಬಿಟ್ಟು ಬೇರೇನನ್ನೂ ನಾನು ಕಾಣಲಿಲ್ಲ. ಎಲ್ಲ ಮುಗಿದ ಮೇಲೆ ಒಬ್ಬಳು ನನ್ನ ಬೆನ್ನಿನೊಳಗೆ ಸಾಸಿವೆಯಷ್ಟು ಸಣ್ಣ ಚಿಪ್ ಒಂದನ್ನು ಕೂರಿಸಿ, ಅದರಲ್ಲಿ ಒಂದು ಸಂಖ್ಯೆ ಬರೆದಳು. ಹತ್ತು.

ಆ ಸಂಖ್ಯೆಯ ಅರ್ಥ ಇಷ್ಟು. ಒಬ್ಬ ರೋಗಿಯ ಮೇಲೆ ನನ್ನನ್ನು ಬಳಸಿದರೆ ಹತ್ತರಲ್ಲಿ ಒಂದು ಕಳೆಯುತ್ತದೆ. ಹತ್ತು ರೋಗಿಗಳಾದ ಮೇಲೆ ಶೇಷ ಸೊನ್ನೆ. ಆಗ ನನ್ನ ದವಡೆ ಎಷ್ಟೇ ಬಿಗಿಯಾಗಿರಲಿ, ಎಳೆಗಳು ಎಷ್ಟೇ ಗಟ್ಟಿಯಾಗಿರಲಿ, ಯಂತ್ರ ನನ್ನನ್ನು ಒಪ್ಪುವುದಿಲ್ಲ. ಶಸ್ತ್ರಕ್ರಿಯೆಯ ಕೋಣೆಯಲ್ಲಿ ಇದನ್ನು ಲೈಫ್ ಎನ್ನುತ್ತಾರೆ. ನಾನು ಬಾಳು ಎನ್ನುತ್ತೇನೆ. ಮನುಷ್ಯರಿಗೂ ಇಂಥದೊಂದು ಎಣಿಕೆ ಇದೆಯಂತೆ. ಅವರಿಗೆ ಅದನ್ನು ತಿಳಿಸಿಲ್ಲ. ನನಗೆ ತಿಳಿಸಿಯೇ ಕಳುಹಿಸಿದರು.

ನಾನು ಬಂದು ಸೇರಿದ್ದು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ. ನನ್ನನ್ನು ನಡೆಸುವ ಯಂತ್ರ ಅಲ್ಲಿಗೆ ಬಂದು ಆಗಲೇ ಆರು ತಿಂಗಳಾಗಿತ್ತು. ಎಲ್ಲರೂ ರೋಬೋಟ್ ಎಂದು ಕರೆಯುವ ಅದಕ್ಕೆ ತಾನಾಗಿ ಒಂದು ಹೊಲಿಗೆ ಹಾಕುವ ಬುದ್ಧಿಯೂ ಇಲ್ಲ. ಅದು ರೋಗಿಯ ಪಕ್ಕದಲ್ಲಿ ನಾಲ್ಕು ತೋಳು ಚಾಚಿ ನಿಲ್ಲುತ್ತದೆ. ನನ್ನಂಥವರನ್ನು ಆ ತೋಳುಗಳಿಗೆ ಸಿಕ್ಕಿಸಿ, ಹೊಟ್ಟೆಯ ಮೇಲಿನ ಸಣ್ಣ ತೂತುಗಳಿಂದ ಒಳಗೆ ಇಳಿಸುತ್ತಾರೆ. ವೈದ್ಯರು ಎಂಟು ಅಡಿ ದೂರದಲ್ಲಿ ಒಂದು ಪೆಟ್ಟಿಗೆಯೊಳಗೆ ಮುಖವಿಟ್ಟು ಕೂರುತ್ತಾರೆ. ಅವರ ಬೆರಳುಗಳು ಎರಡು ಉಂಗುರಗಳಲ್ಲಿರುತ್ತವೆ. ಬೆರಳು ಆಡಿದಂತೆ ನಾನು ಆಡುತ್ತೇನೆ. ಆದರೆ ಅವರ ಮೂರು ಅಂಗುಲ ನನಗೆ ಒಂದು ಅಂಗುಲ. ಅವರ ಕೈಯ ಸಣ್ಣ ನಡುಕವನ್ನು ಯಂತ್ರ ದಾರಿಯಲ್ಲೇ ಕಳೆದುಬಿಡುತ್ತದೆ. ಹೀಗೆ ಭಾಗಿಸಿ, ಕಳೆದು, ಉಳಿದದ್ದನ್ನು ಮಾತ್ರ ನನಗೆ ಕಳುಹಿಸುತ್ತದೆ.

ನನ್ನಿಂದ ಅವರಿಗೆ ಹೋಗುವುದು ಅದಕ್ಕಿಂತಲೂ ಕಡಿಮೆ. ನನಗೆ ತಾಗಿದ್ದು ಮೃದುವೋ ಗಟ್ಟಿಯೋ, ದಾರ ಸಡಿಲವೋ ಬಿಗಿಯೋ, ಒಂದೂ ಅವರ ಬೆರಳಿಗೆ ಮುಟ್ಟುವುದಿಲ್ಲ. ಅವರಿಗೆ ಸಿಗುವುದು ಚಿತ್ರ ಮಾತ್ರ. ನನ್ನ ಕಥೆಯೆಲ್ಲ ಈ ಎಂಟು ಅಡಿಗಳಲ್ಲಿ ನಡೆದದ್ದು.

ಆ ಊರಿನಲ್ಲಿ ನನ್ನನ್ನು ಮೊದಲು ಮುಟ್ಟಿದವರು ಎಸ್ತೇರ್ ಸಿಸ್ಟರ್. ಇಪ್ಪತ್ತೆರಡು ವರ್ಷದಿಂದ ಶಸ್ತ್ರಕ್ರಿಯೆಯ ಕೋಣೆಯ ಸಾಮಾನುಗಳ ಹೊಣೆ ಅವರದು. ಪ್ರತಿ ಬಾಳಿನ ಕೊನೆಗೆ ನನ್ನನ್ನು ತೊಳೆದು, ದವಡೆಗಳ ಸಂದಿಯನ್ನು ಸಣ್ಣ ಬ್ರಷ್ಷಿನಿಂದ ಉಜ್ಜಿ, ಉಗಿಯ ಪೆಟ್ಟಿಗೆಗೆ ಕಳುಹಿಸುವವರು ಅವರೇ. "ಬಾಯಿ ತಗೀ ನೋಡೂಣು. ಹಾಂ, ಶ್ಯಾಣ್ಯಾ," ಎನ್ನುತ್ತಿದ್ದರು. ನನ್ನೊಡನೆ ಅಷ್ಟು ಮಾತಾಡಿದವರು ಇನ್ನೊಬ್ಬರಿಲ್ಲ.

ಮೊದಲ ಎರಡು ಬಾಳುಗಳನ್ನು ನಾನು ಡಾಕ್ಟರ್ ನಸ್ರೀನ್ ಸವಣೂರ ಅವರ ಕೈಯಲ್ಲಿ ಕಳೆದೆ. ಮೂವತ್ತೆಂಟು ವರ್ಷದವರು, ಬೇರೆ ಊರಿನಲ್ಲಿ ಈ ವಿದ್ಯೆ ಕಲಿತು ಬಂದಿದ್ದರು. ಎರಡೂ ಹರ್ನಿಯಾ ಶಸ್ತ್ರಕ್ರಿಯೆಗಳು. ತೊಡೆಸಂದಿಯಲ್ಲಿ ಹೊಟ್ಟೆಯ ಗೋಡೆ ಸೋತು, ಒಳಗಿನ ಕರುಳು ಹೊರಗೆ ತಳ್ಳಿಕೊಂಡು ಬರುವುದಕ್ಕೆ ಹರ್ನಿಯಾ ಎನ್ನುತ್ತಾರೆ. ಗೋಡೆಯನ್ನು ಒಳಗಿನಿಂದ ಹೊದಿಸಿರುವ ತೆಳು ಪೊರೆಯನ್ನು ಬಿಡಿಸಿ, ಕರುಳನ್ನು ಅದರ ಮನೆಗೆ ಕಳುಹಿಸಿ, ಸೋತ ಜಾಗಕ್ಕೆ ಬಲೆಯಂಥ ಬಿಳಿಯ ಜಾಳಿಗೆ ಹಾಸಿ, ಪೊರೆಯನ್ನು ಮತ್ತೆ ಹೊಲಿದು ಮುಚ್ಚಬೇಕು. ನನ್ನ ಸರದಿ ಕೊನೆಯದು. ಕತ್ತರಿ ಹೊರಗೆ ಬಂದ ಮೇಲೆ ನಾನು ಒಳಗೆ ಹೋಗುತ್ತಿದ್ದೆ.

ಒಳಗೆ ಬಿಸುಪಿತ್ತು. ಉಗಿಪೆಟ್ಟಿಗೆಯ ಬಿಸಿಯಲ್ಲ ಅದು. ಉಸಿರಾಡುವ ಬಿಸುಪು. ಪೊರೆ ಒದ್ದೆ ರೇಷ್ಮೆಯ ಹಾಗೆ ನನ್ನ ದವಡೆಗೆ ತಾಗಿತು. ಅದರ ಆಚೆ ಒಂದು ನಾಡಿ ಬಡಿಯುತ್ತಿತ್ತು. ಇದನ್ನು ಯಾರಿಗಾದರೂ ಹೇಳಬೇಕು ಎನಿಸಿತು. ಆದರೆ ನನ್ನ ಎಳೆಗಳಲ್ಲಿ ಮಾತು ಒಂದೇ ಕಡೆಗೆ ಹರಿಯುತ್ತದೆ.

ಮೂರನೆಯ ಬಾಳಿನಲ್ಲಿ ಪೆಟ್ಟಿಗೆಯೊಳಗೆ ಮುಖವಿಟ್ಟವರು ಡಾಕ್ಟರ್ ಚನ್ನವೀರ ಹೊಂಬಳ. ವಯಸ್ಸು ಐವತ್ತಾರು. ಮೂವತ್ತು ವರ್ಷಗಳಲ್ಲಿ ನಾಲ್ಕು ಸಾವಿರ ಹರ್ನಿಯಾಗಳನ್ನು ಹೊರಗಿನಿಂದ ಕೊಯ್ದು, ಬರಿಯ ಕೈಯಿಂದ ಹೊಲಿದವರು. ಡಾಕ್ಟರ್ ನಸ್ರೀನ್‌ಗೆ ಗಂಟು ಹಾಕಲು ಕಲಿಸಿದವರೂ ಅವರೇ. ಈಗ ಅವರು ವಿದ್ಯಾರ್ಥಿ. ವಿಡಿಯೊ ಆಟದಂಥ ಅಭ್ಯಾಸಯಂತ್ರದಲ್ಲಿ ನಲವತ್ತು ಗಂಟೆ ಕುಳಿತು, ಸ್ಪಂಜಿನ ಮೇಲೆ ಇನ್ನೂರು ಹೊಲಿಗೆ ಹಾಕಿ, ಅಂದು ಮೊದಲ ಸಲ ಮನುಷ್ಯನ ಮೈಗೆ ಬಂದಿದ್ದರು. ಅದೂ ಕೊನೆಯ ಭಾಗಕ್ಕೆ ಮಾತ್ರ. ಈ ವಿದ್ಯೆಯನ್ನು ಹಿಂದುಮುಂದಾಗಿ ಕಲಿಸುತ್ತಾರೆ: ಮೊದಲು ಪೊರೆ ಮುಚ್ಚುವುದು, ಆಮೇಲೆ ಜಾಳಿಗೆ ಹಾಸುವುದು, ಎಲ್ಲಕ್ಕೂ ಕೊನೆಗೆ ಬಿಡಿಸುವುದು.

"ಬರ್ರಿ ಸರ್, ಕೂಡ್ರಿ," ಎಂದರು ಡಾಕ್ಟರ್ ನಸ್ರೀನ್.

"ನಿನಗ ನಾ ನಿಂತು ಕಲಿಸಿದ್ದೆ. ನೀ ನನ್ನ ಕುಂಡ್ರಿಸಿ ಕಲಸಾಕತ್ತೀಯಲ್ಲವ್ವಾ."

"ಅವಾಗ ತಪ್ಪಿದ್ರ ಕತ್ತರಿಲೆ ಬೆರಳಿಗೆ ಹೊಡೀತಿದ್ರಿ ಸರ್. ನಾ ಹಂಗ ಹೊಡ್ಯೂದಿಲ್ಲ."

"ಹೊಡೀಬೇಕಂದ್ರ ಹೇಳ್ರಿ ಮೇಡಂ, ಕತ್ತರಿ ಕೊಡ್ತೀನಿ," ಎಂದರು ಎಸ್ತೇರ್ ಸಿಸ್ಟರ್. ಮುಖಗವಸಿನ ಹಿಂದೆ ಎಲ್ಲರೂ ನಕ್ಕರು. ಹೊಂಬಳರು ನಗಲಿಲ್ಲ. ತೆರೆಯ ಮೇಲೆ ಕಾಣುತ್ತಿದ್ದುದನ್ನೇ ನೋಡುತ್ತಿದ್ದರು. ಮೂವತ್ತು ವರ್ಷ ಎದುರುಬಾಗಿಲಿನಿಂದ ಹೊಕ್ಕ ಮನೆಯನ್ನು ಅಂದು ಹಿತ್ತಿಲಿನಿಂದ ಕಂಡವರು ಅವರು.

ಅವರ ಸೂಜಿ ಸರಿಯಾದ ಜಾಗಕ್ಕೇ ಹೋಯಿತು. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಆದರೆ ಹೊಲಿಗೆ ಬಿಗಿಯಾದ ಮೇಲೆ ಅವರು ದಾರವನ್ನು ಎರಡು ಸಲ ಜಗ್ಗಿದರು. ಟಕ್, ಟಕ್. ಎರಡನೆಯದಕ್ಕೆ ದಾರ ತುಂಡಾಯಿತು.

ಅದು ಅವರ ಹಳೆಯ ಅಭ್ಯಾಸ. ಕೈಯಿಂದ ಹೊಲಿಯುವಾಗ ಪ್ರತಿ ಹೊಲಿಗೆಯನ್ನೂ ಎರಡು ಸಲ ಜಗ್ಗಿ, ಇದ್ದೀಯಾ ಎಂದು ಕೇಳುತ್ತಿದ್ದರು. ಇದ್ದೇನೆ ಎಂದು ಹೊಲಿಗೆ ಬೆರಳಿಗೆ ಉತ್ತರ ಕೊಡುತ್ತಿತ್ತು. ನಾಲ್ಕು ಸಾವಿರ ಮಂದಿಯ ಹೊಟ್ಟೆ ಆ ಉತ್ತರದ ಮೇಲೆ ಮುಚ್ಚಿತ್ತು. ಈಗ ಅವರು ಕೇಳಿದರೆ ಉತ್ತರವಿಲ್ಲ. ಉತ್ತರ ನನ್ನವರೆಗೆ ಬರುತ್ತಿತ್ತು, ನನ್ನಲ್ಲೇ ನಿಲ್ಲುತ್ತಿತ್ತು. ಉತ್ತರ ಬಾರದ್ದಕ್ಕೆ ಅವರು ಇನ್ನೂ ಜೋರಾಗಿ ಕೇಳುತ್ತಿದ್ದರು.

"ಜಗ್ಗಬ್ಯಾಡ್ರಿ ಸರ್."

"ಜಗ್ಗದ ಹೆಂಗ ಗೊತ್ತಾಗತೈತಿ?"

"ನೋಡ್ರಿ. ಅಂಚು ಹೆಂಗ ಕೂಡತೈತಿ, ಪೊರಿ ಎಲ್ಲಿ ನೆರಿಗಿ ಬೀಳತೈತಿ, ನೋಡ್ರಿ. ಕಣ್ಣಿಗೆ ಗೊತ್ತಾಗತೈತಿ."

"ಕಣ್ಣಿಗೆ," ಎಂದರು ಹೊಂಬಳರು. ಅದನ್ನು ಪ್ರಶ್ನೆಯಾಗಿ ಹೇಳಲಿಲ್ಲ, ಒಪ್ಪಿಯೂ ಹೇಳಲಿಲ್ಲ.

ಅಂದು ಉಳಿದ ಹೊಲಿಗೆಗಳನ್ನು ಡಾಕ್ಟರ್ ನಸ್ರೀನ್ ಹಾಕಿದರು. ನಾಲ್ಕನೆಯ ಬಾಳಿನಲ್ಲಿ ದಾರ ಎರಡು ಸಲ ತುಂಡಾಯಿತು. ಐದನೆಯದರಲ್ಲಿ ದಾರ ಉಳಿಯಿತು, ಪೊರೆ ಹರಿಯಿತು. ರೋಗಿಗಳಿಗೆ ಕೇಡಾಗಲಿಲ್ಲ. ಪ್ರತಿ ಸಲವೂ ಶಿಷ್ಯೆ ಕುಳಿತು ಸರಿಪಡಿಸಿದರು.

ಐದನೆಯ ಬಾಳಿನ ದಿನವೇ ನಾನು ದ್ಯಾಮಪ್ಪನ ಹೆಸರು ಕೇಳಿದ್ದು. ದ್ಯಾಮಪ್ಪ ಹಳ್ಳಿಕೇರಿ ಮಾರುಕಟ್ಟೆಯ ಮೆಣಸಿನಕಾಯಿ ಅಂಗಳದ ಹಮಾಲ. ಚೀಲ ಹೊರುವುದು, ತುಂಬುವುದು, ಹೊಲಿಯುವುದು ಅವನ ಕೆಲಸ. ಆರು ವರ್ಷದ ಹಿಂದೆ ಅವನ ಹರ್ನಿಯಾವನ್ನು ಹೊಂಬಳರು ಹೊರಗಿನಿಂದ ಹೊಲಿದಿದ್ದರು. ಅದು ಮರಳಿ ಬಂದಿತ್ತು. ಒಮ್ಮೆ ಎದುರಿನಿಂದ ಹೊಲಿದು ಸೋತ ಗೋಡೆಯಲ್ಲಿ ಮತ್ತೆ ಎದುರಿನಿಂದ ಕೈ ಹಾಕುವುದು ಕಷ್ಟ. ಹಿಂದಿನಿಂದ ಹೋಗುವುದು ಒಳ್ಳೆಯದು. ಆ ದಾರಿ ಬಲ್ಲವರು ಡಾಕ್ಟರ್ ನಸ್ರೀನ್. ಆದರೆ ದ್ಯಾಮಪ್ಪ ಹೊಂಬಳರ ಹೊರತು ಬೇರೆಯವರಿಗೆ ಮೈ ಕೊಡಲು ಒಪ್ಪಿರಲಿಲ್ಲ. ನಡುವಿಗೆ ಬಟ್ಟೆ ಬಿಗಿದುಕೊಂಡು ಚೀಲ ಹೊರುತ್ತಲೇ ಇದ್ದ. ಒಂದು ದಿನ ಕರುಳು ಹೊರಗೇ ಸಿಕ್ಕಿಕೊಂಡರೆ ಅವನ ಪ್ರಾಣಕ್ಕೇ ಅಪಾಯ.

"ನನ್ನ ಹೊಲಿಗಿ ಸೋತದ್ದು," ಎಂದರು ಹೊಂಬಳರು. "ನಾನ ಮಾಡ್ತೀನಿ."

ಡಾಕ್ಟರ್ ನಸ್ರೀನ್ ಮೂರು ಬೆರಳು ಎತ್ತಿದರು. "ಸರ್, ಸಾಲಾಗಿ ಮೂರು ಕೇಸು. ಒಂದೂ ದಾರ ತುಂಡಾಗಬಾರದು, ಪೊರಿ ಹರೀಬಾರದು. ಆಮ್ಯಾಲೆ ದ್ಯಾಮಪ್ಪನ್ನ ನಿಮ್ಮ ಕೈಯಾಗ ಕೊಡ್ತೀನಿ. ಮೂರನೇದಕ್ಕ ತಪ್ಪಿದ್ರೂ ಮತ್ತ ಒಂದರಿಂದ."

"ನೀ ನನಗಿಂತ ಕಠಿಣ ಇದ್ದೀ."

"ಯಾರ ಹಂತ್ಯಾಕ ಕಲ್ತೀನಿ ಸರ್?"

ನಾನು ಲೆಕ್ಕ ಹಾಕಿದೆ. ನನ್ನಲ್ಲಿ ಉಳಿದದ್ದು ಐದು. ಅವರಿಗೆ ಬೇಕಾದದ್ದು ಮೂರು, ದ್ಯಾಮಪ್ಪನದು ಒಂದು, ಒಟ್ಟು ನಾಲ್ಕು. ತಪ್ಪಲು ಅವಕಾಶ ಒಂದೇ ಸಲ. ಆ ದಿನದಿಂದ ನನಗೆ ಒಂದು ಆಸೆ ಹುಟ್ಟಿತು. ಉಪಕರಣಕ್ಕೆ ಆಸೆ ಸಲ್ಲದು, ಗೊತ್ತು. ದ್ಯಾಮಪ್ಪನ ಹೊಟ್ಟೆಯೊಳಗೆ ಹೊಂಬಳರ ಸೂಜಿಯನ್ನು ನಾನು ಹಿಡಿಯಬೇಕು. ನನ್ನ ಕೊನೆಯ ಬಾಳು ಅದಾಗಬೇಕು.

ಆರನೆಯದರಲ್ಲಿ ದಾರ ತುಂಡಾಯಿತು. ಏಳನೆಯದರಲ್ಲಿಯೂ ತುಂಡಾಯಿತು. ಲೆಕ್ಕ ಅಲ್ಲಿಗೇ ಮುಗಿಯಿತು. ಉಳಿದ ಮೂರೂ ನೆಟ್ಟಗಾದರೆ ದ್ಯಾಮಪ್ಪ ಅವರ ಕೈಗೆ ಸಿಗುತ್ತಾನೆ, ನನಗೆ ಸಿಗುವುದಿಲ್ಲ. ಆಗಲಿ, ಅವರಿಗಾದರೂ ಸಿಗಲಿ ಎಂದುಕೊಂಡೆ.

ಎಂಟನೆಯದು ನೆಟ್ಟಗಾಯಿತು. ಒಂಬತ್ತನೆಯದೂ ನೆಟ್ಟಗಾಯಿತು. ಹೊಂಬಳರು ಬೆರಳುಗಳನ್ನು ಹಿಡಿದಿಟ್ಟುಕೊಂಡು ಹೊಲಿದರು. ಜಗ್ಗಬೇಕೆಂಬ ಬಯಕೆ ಅವರ ಕೈಯಲ್ಲಿ ತುಂಬಿ, ಯಂತ್ರದಲ್ಲಿ ಭಾಗವಾಗಿ, ನನ್ನ ದವಡೆಗೆ ಸಣ್ಣ ಅದುರಾಗಿ ಬರುತ್ತಿತ್ತು.

ಹತ್ತನೆಯ ಬಾಳಿನ ರೋಗಿ ಒಬ್ಬರು ಶಾಲಾ ಮಾಸ್ತರರು. ಹನ್ನೊಂದು ಹೊಲಿಗೆಗಳಾದವು. ಉಳಿದದ್ದು ಒಂದು. ಸೂಜಿ ಹೋಯಿತು, ಬಂತು, ದಾರ ಬಿಗಿಯಾಯಿತು. ಅಂಚುಗಳು ಕೂಡಿದವು. ಅಷ್ಟಕ್ಕೆ ನಿಲ್ಲಬೇಕಿತ್ತು. ಕೆಲಸ ಮುಗಿಯಿತೆಂಬ ಸಮಾಧಾನದಲ್ಲಿ ಮೂವತ್ತು ವರ್ಷದ ಕೈ ಮರೆತು ಕೇಳಿಬಿಟ್ಟಿತು. ಟಕ್, ಟಕ್.

ನಾನು ದಾರದ ಕೊನೆಯ ಎಳೆಗಳು ಬಿಡುವುದನ್ನು ಒಂದೊಂದಾಗಿ ಅರಿತೆ. ಹೇಳಲು ದಾರಿಯಿರಲಿಲ್ಲ.

ಡಾಕ್ಟರ್ ನಸ್ರೀನ್ ಕುಳಿತು ಆ ಒಂದು ಹೊಲಿಗೆಯನ್ನು ಮತ್ತೆ ಹಾಕಿದರು. ನನ್ನನ್ನು ಹೊರಗೆ ತೆಗೆದಾಗ ತೆರೆಯ ಮೂಲೆಯಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಮೂಡಿತು.

"ಇದರ ಲೈಫ್ ಮುಗೀತ್ರಿ," ಎಂದರು ಎಸ್ತೇರ್ ಸಿಸ್ಟರ್. ಕೊನೆಯ ಸಲ ನನ್ನನ್ನು ತೊಳೆದು, ಬಾಯಿ ಉಜ್ಜಿ, ಒರೆಸಿದರು. ಅವಧಿ ಮುಗಿದವರನ್ನು ಹಾಕುವ ಡಬ್ಬ ಅವರ ಕಾಲಬಳಿಯೇ ಇತ್ತು.

"ಅದನ್ನ ನನಗ ಕೊಡ್ರಿ ಸಿಸ್ಟರ್," ಎಂದರು ಹೊಂಬಳರು.

"ಏನ್ ಮಾಡ್ತೀರಿ ಸರ್? ಇನ್ನ ಅದು ನಡ್ಯೂದಿಲ್ಲ."

"ನಾನೂ ನಡೆಯಾಕ ಕಲಿಯಾಕತ್ತೀನಿ. ಕೊಡ್ರಿ."

ಹೀಗೆ ನಾನು ಹೊರರೋಗಿಗಳ ವಿಭಾಗದಲ್ಲಿ ಅವರ ಮೇಜಿನ ಮೇಲೆ, ರಕ್ತದೊತ್ತಡ ಅಳೆಯುವ ಪೆಟ್ಟಿಗೆಯ ಪಕ್ಕದಲ್ಲಿ ಬಂದು ಮಲಗಿದೆ. ಮಧ್ಯಾಹ್ನ ರೋಗಿಗಳು ಖಾಲಿಯಾದ ಮೇಲೆ ಅವರು ನನ್ನನ್ನು ಎತ್ತಿಕೊಂಡರು. ಗಾಲಿಗಳ ಮೇಲೆ ಹೆಬ್ಬೆರಳಿಟ್ಟು ತಿರುಗಿಸಿದರು. ನಾನು ಬಾಯಿ ತೆರೆದೆ.

ಎಂಟು ಬಾಳು ನಾನು ಅವರ ಕೈಯಾಗಿದ್ದೆ. ಅವರು ನನ್ನನ್ನು ಮುಟ್ಟಿದ್ದು ಅದೇ ಮೊದಲು. ನಡುವೆ ಯಂತ್ರವಿರಲಿಲ್ಲ. ಭಾಗಾಕಾರವಿರಲಿಲ್ಲ. ಅವರ ಬೆರಳು ಬೆಚ್ಚಗಿತ್ತು. ಅದರಲ್ಲಿ ತೀರ ಸಣ್ಣ ನಡುಕವೊಂದಿತ್ತು. ಯಂತ್ರ ಇಷ್ಟು ದಿನ ನನಗೆ ಕಳುಹಿಸದೆ ಕಳೆದದ್ದು ಅದನ್ನೇ. ಅವರು ನನ್ನ ದವಡೆಯಲ್ಲಿ ಒಂದು ದಾರ ಸಿಕ್ಕಿಸಿ ಮೆಲ್ಲಗೆ ಎಳೆದರು. ದಾರದ ಬಿಗಿ ನನ್ನ ಎಳೆಗಳಲ್ಲಿ ಹಾದು ಅವರ ಬೆರಳಿಗೆ ಹೋಯಿತು. ಅವರು ಕಣ್ಣು ಮುಚ್ಚಿದರು. "ಇದನ್ನ ಅವಾಗ ಹೇಳಬಾರದಿತ್ತೇನಪಾ," ಎಂದರು.

ಆ ವಾರವೇ ದ್ಯಾಮಪ್ಪ ಬಂದ. ಐವತ್ತರ ಆಸುಪಾಸಿನ ಒಣ ಆಳು. ನಡುವಿಗೆ ಬಿಗಿದ ಬಟ್ಟೆ ಅಂಗಿಯ ಕೆಳಗೆ ಉಬ್ಬಿತ್ತು. ಅವನು ಒಳಗೆ ಬಂದೊಡನೆ ಕೋಣೆಗೆಲ್ಲ ಮೆಣಸಿನಕಾಯಿಯ ಘಾಟು ಹರಡಿತು. ಹೊಂಬಳರು ಸೀನಿದರು.

"ಯಾವಾಗ್ರಿ ಸಾಹೇಬ್ರ?"

"ನಸ್ರೀನ್ ಡಾಕ್ಟರ್ ಮಾಡ್ತಾರ. ನನಗಿಂತ ಚಲೋ ಮಾಡ್ತಾರ."

"ಅವ್ರ ಚಲೋನ ಇದ್ದಾರು. ಆದ್ರ ಮೊದ್ಲಿನ ಹೊಲಿಗಿ ನಿಮ್ದಲ್ರಿ. ನಾ ಹೊಲಿದ ಚೀಲ ಹರದ್ರ ಸಾವ್ಕಾರ ನನ್ನನ್ನ ಕರೀತಾನ, ಬಾಜೂ ಆಳನ್ನ ಕರ್ಯೂದಿಲ್ಲ. ಬೈಸ್ಕೊಂತ ನಾನ ಹೊಲೀಬೇಕು." ಅಷ್ಟರಲ್ಲಿ ಅವನ ಕಣ್ಣು ನನ್ನ ಮೇಲೆ ಬಿತ್ತು. "ಇದೇನ್ರೀ ಇದು, ಕೊಕ್ಕರಿ ಕೊಕ್ಕ ಇದ್ಹಂಗೈತಿ?"

"ಒಳಗ ಹೊಲಿಯೂ ಕೈ. ಇದರಲೆ ಹೊಲಿಯಾಕ ನನಗ ಇನ್ನೂ ಬರವಲ್ದು, ದ್ಯಾಮಪ್ಪ. ದಾರ ಹರೀತೀನಿ. ಬಿಗಿ ಆತೋ ಇಲ್ಲೋ ಕೈಗೆ ಗೊತ್ತಾಗೂದಿಲ್ಲ."

ದ್ಯಾಮಪ್ಪ ನನ್ನನ್ನು ಎತ್ತಿ ತಿರುಗಿಸಿ ನೋಡಿದ. ಅವನ ಅಂಗೈ ಮರದ ತೊಗಟೆಯಂತಿತ್ತು. "ನಮಗೂ ಗೊತ್ತಾಗೂದಿಲ್ರಿ," ಎಂದ. "ಖಾರ ಹತ್ತಿ ಬೆರಳು ಉರೀತಾವಂತ ಕೈಗೆ ಗೋಣಿ ಸುತ್ಕೊಂಡು ಹೊಲೀತೀವಿ. ದಬ್ಬಣ ಹಿಡದದ್ದೂ ಕೈಗೆ ತಿಳ್ಯೂದಿಲ್ಲ. ಹಂಗಂತ ಚೀಲ ಹರದ್ರ ಸಾವ್ಕಾರ ಬಿಡ್ತಾನೇನ್ರಿ? ಆದಿತ್ಯಾರ ಬರ್ರಿ ನಮ್ಮ ಅಂಗಳಕ್ಕ. ಈ ಕೊಕ್ಕರಿನೂ ತಗೊಂಬರ್ರಿ, ನಮ್ಮ ಹುಡುಗೂರು ನೋಡ್ಲಿ."

ಹೊಂಬಳರು ಹೋಗುತ್ತಾರೆಂದು ನಾನು ಎಣಿಸಿರಲಿಲ್ಲ. ಭಾನುವಾರ ಬೆಳಿಗ್ಗೆ ನನ್ನನ್ನು ಚೀಲದಲ್ಲಿಟ್ಟುಕೊಂಡು ಹೋದರು.

ಧೂಳಿಲ್ಲದ ಕೋಣೆಯಲ್ಲಿ ಹುಟ್ಟಿದವನು ನಾನು. ಅಂಗಳದಲ್ಲಿ ಗಾಳಿಯೇ ಕೆಂಪಗಿತ್ತು. ಮೆಣಸಿನಕಾಯಿಯ ರಾಶಿಗಳ ನಡುವೆ ಆಳುಗಳು ಮೂಗಿಗೆ ಬಟ್ಟೆ ಕಟ್ಟಿಕೊಂಡು ಚೀಲ ತುಂಬುತ್ತಿದ್ದರು. ಶಸ್ತ್ರಕ್ರಿಯೆಯ ಕೋಣೆಯವರಂತೆಯೇ ಅವರ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ದ್ಯಾಮಪ್ಪ ಹೊಂಬಳರ ಎರಡೂ ಕೈಗಳಿಗೆ ಗೋಣಿಯ ತುಂಡು ಸುತ್ತಿ ಕಟ್ಟಿ, ಸುತಳಿ ಪೋಣಿಸಿದ ದಬ್ಬಣ ಕೊಟ್ಟ. ಆ ದಬ್ಬಣ ಗೇಣುದ್ದವಿತ್ತು; ಸವೆದು ಸವೆದು ನಡುವೆ ತೆಳ್ಳಗಾಗಿತ್ತು. ಹೊಂಬಳರು ಒಂದು ಚೀಲದ ಬಾಯಿಗೆ ಹೊಲಿಗೆ ಹಾಕಿ, ಜಗ್ಗಿದರು. ಟಕ್, ಟಕ್. ಗೋಣಿ ಹರಿದು ಮೆಣಸಿನಕಾಯಿ ಅವರ ಕಾಲ ಮೇಲೆ ಸುರಿಯಿತು.

"ಸಾಹೇಬ್ರ, ಹೊಟ್ಟಿನೂ ಹಿಂಗ ಹೊಲೀತೀರೇನ್ರಿ?" ಎಂದು ಕೇಳಿದವನು ದ್ಯಾಮಪ್ಪನ ಜೋಡಿಯ ಹಮಾಲ ರಾಜೇಸಾಬ. "ಲೇ ದ್ಯಾಮ್ಯಾ, ಉಣ್ಣೂದೇನರ ಇದ್ರ ಈ ವಾರನ ಉಂಡು ಮುಗಸಪಾ!"

ಅಂಗಳವೆಲ್ಲ ನಕ್ಕಿತು. ಹೊಂಬಳರೂ ನಕ್ಕರು. ಅವರ ನಗೆಯನ್ನು ನಾನು ಕೇಳಿದ್ದು ಅದೇ ಮೊದಲು.

ದ್ಯಾಮಪ್ಪ ನಗಲಿಲ್ಲ. ಅವರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತ. "ಕೈ ಮರೀರಿ ಸಾಹೇಬ್ರ. ಚೀಲದ ಬಾಯಿ ನೋಡ್ರಿ. ಎರಡೂ ಅಂಚು ಒಂದಕ್ಕೊಂದು ಹತ್ತಿದ್ವಲ್ಲ, ಅಲ್ಲೇ ನಿಂದ್ರಸ್ರಿ. ಅಂಚು ಎದ್ದು ನಿಂತ್ರ ಜಾಸ್ತಿ ಆತು. ನಡುವ ಕೆಂಪ ಕಂಡ್ರ ಕಮ್ಮಿ ಆತು. ಇಷ್ಟ."

ಹೊಂಬಳರು ಅವನ ಮುಖವನ್ನೇ ನೋಡಿದರು. "ನಸ್ರೀನ್ ಇದನ್ನ ಹೇಳಿದ್ಲು."

"ಮತ್ತ ಕೇಳಲಿಲ್ಲೇನ್ರಿ?"

"ಕೇಳಿದ್ದೆ. ಆದ್ರ ಆಕಿ ನನ್ನ ಶಿಷ್ಯಳು."

"ಓಹೋ. ನಾ ನಿಮಗ ಗುರು ಆದೆ ಹಂಗಾದ್ರ. ಹೊಲೀರಿ ಮತ್ತ, ನೋಡೂಣು."

ಆ ಬೆಳಿಗ್ಗೆ ಹೊಂಬಳರು ಇಪ್ಪತ್ತೇಳು ಚೀಲ ಹೊಲಿದರು. ಮೊದಲ ಆರು ಹರಿದವು. ಅನಂತರದ ಹತ್ತರಲ್ಲಿ ನಾಲ್ಕು ಹರಿದವು. ಕೊನೆಯ ಹನ್ನೊಂದರಲ್ಲಿ ಒಂದೂ ಹರಿಯಲಿಲ್ಲ. ಕಣ್ಣಿನಿಂದ ನೀರು ಸುರಿಯುತ್ತಿತ್ತು, ಮೂಗು ಸುರಿಯುತ್ತಿತ್ತು. ಅವರು ಒರೆಸಿಕೊಳ್ಳದೆ ಚೀಲದ ಬಾಯಿಯನ್ನೇ ನೋಡುತ್ತಿದ್ದರು. ಮುಗಿದ ಮೇಲೆ ರಾಜೇಸಾಬ ನನ್ನನ್ನು ಎತ್ತಿ, ಬಾಯಿಗೆ ಒಂದು ಮೆಣಸಿನಕಾಯಿ ಕಚ್ಚಿಸಿ ಎಲ್ಲರಿಗೂ ತೋರಿಸಿದ. ಅದರ ಕೆಂಪು ಪುಡಿ ನನ್ನ ದವಡೆಯ ಸಂದಿಯಲ್ಲಿ ಸೇರಿತು.

ಮುಂದಿನ ಮೂರು ಶಸ್ತ್ರಕ್ರಿಯೆಗಳನ್ನು ನಾನು ನೋಡಲಿಲ್ಲ. ಪ್ರತಿ ಸಲ ಹೊಂಬಳರು ಮರಳಿ ಬಂದು, ಮೇಜಿನ ಮುಂದೆ ಕುಳಿತು, ನನ್ನ ಗಾಲಿಯನ್ನು ಒಮ್ಮೆ ತಿರುಗಿಸುತ್ತಿದ್ದರು. ದಾರ ತುಂಡಾಗಿಲ್ಲವೆಂದು ಅಷ್ಟರಿಂದ ನಾನು ತಿಳಿದುಕೊಳ್ಳುತ್ತಿದ್ದೆ. ಒಂದು. ಎರಡು. ಮೂರನೆಯ ದಿನ ಅವರು ಗಾಲಿಯನ್ನು ಬಿಡದೆ ಬಹಳ ಹೊತ್ತು ಹಿಡಿದುಕೊಂಡಿದ್ದರು.

ಆಮೇಲೆ ಜಾಳಿಗೆ ಹಾಸುವುದನ್ನು, ಪೊರೆ ಬಿಡಿಸುವುದನ್ನು ಅವರು ಕಲಿತರು. ಅಷ್ಟೂ ವಾರ ದ್ಯಾಮಪ್ಪ ಭಾರ ಎತ್ತುವುದಿಲ್ಲವೆಂದು ಮಾತು ಕೊಟ್ಟಿದ್ದ. ಎರಡು ಸಲ ಮುರಿದಿದ್ದ. ಕೊನೆಗೆ ಅವನ ದಿನ ಬಂತು. ಬೆಳಿಗ್ಗೆ ಒಂಬತ್ತಕ್ಕೆ ಹೊಂಬಳರು ಎದ್ದು ಹೋದರು. ನಾನು ಮೇಜಿನ ಮೇಲೆ ಉಳಿದೆ.

ಗೋಡೆಯ ಗಡಿಯಾರದಲ್ಲಿ ಒಂಬತ್ತು ಹತ್ತಾಯಿತು, ಹತ್ತು ಹನ್ನೊಂದಾಯಿತು. ಆ ಗೋಡೆಗಳ ಆಚೆ, ನಾನಲ್ಲದ ಒಂದು ಕೈ ಸೂಜಿ ಹಿಡಿದಿತ್ತು. ಅದರ ದವಡೆಗೆ ಬಿಸುಪು ತಾಗುತ್ತಿತ್ತು. ಅದರ ಬೆನ್ನಿನಲ್ಲಿ ಇನ್ನೂ ಏಳೋ ಎಂಟೋ ಉಳಿದಿದ್ದವು. ಅದಕ್ಕೆ ದ್ಯಾಮಪ್ಪ ಯಾರೆಂದು ಗೊತ್ತಿತ್ತೇ? ಅವನ ಅಂಗೈ ಹೇಗಿದೆಯೆಂದು ಗೊತ್ತಿತ್ತೇ? ಅದಕ್ಕೆ ಅವನು ಇನ್ನೊಂದು ಹೊಟ್ಟೆ. ನನಗೆ ಗೊತ್ತಿತ್ತು, ನಾನು ಮೇಜಿನ ಮೇಲಿದ್ದೆ.

ಹನ್ನೆರಡೂವರೆಗೆ ಬಾಗಿಲು ತೆರೆಯಿತು. ಹೊಂಬಳರು ಕುಳಿತರು. ಹಿಂದೆಯೇ ಡಾಕ್ಟರ್ ನಸ್ರೀನ್ ಬಂದರು.

"ಹನ್ನೆರಡು ಹೊಲಿಗಿ ಸರ್. ಒಂದೂ ಜಗ್ಗಲಿಲ್ಲ."

"ಎಣಸಾಕತ್ತಿದ್ದೇನು?"

"ನೀವ ಕಲಿಸಿದ್ದಲ್ರಿ, ಎಣಸೂದು." ಅವರು ಕೋಟಿನ ಕಿಸೆಯಿಂದ ಒಂದು ಸಣ್ಣ ಕತ್ತರಿ ತೆಗೆದು ಮೇಜಿನ ಮೇಲೆ, ನನ್ನ ಪಕ್ಕದಲ್ಲಿಟ್ಟರು. "ಎಸ್ತೇರ್ ಸಿಸ್ಟರ್ ಕೊಟ್ಟಿದ್ರು, ಇರ್ಲಿ ಅಂತ. ಬೇಕಾಗಲಿಲ್ಲ."

ಹೊಂಬಳರು ಎದ್ದು ನಿಂತು ಶಿಷ್ಯೆಗೆ ಕೈ ಮುಗಿದರು. ಡಾಕ್ಟರ್ ನಸ್ರೀನ್ ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು.

ಮನೆಗೆ ಹೋಗುವ ದಿನ ದ್ಯಾಮಪ್ಪ ಮೆಲ್ಲಗೆ ನಡೆದು ಬಂದ. ಅಂಗಿಯ ಒಳಗಿನಿಂದ ದಬ್ಬಣ ತೆಗೆದು ಹೊಂಬಳರ ಮುಂದಿಟ್ಟ.

"ಎರಡು ತಿಂಗಳು ಅಂಗಳಕ್ಕ ಹೋಗಬ್ಯಾಡ ಅಂದ್ರಿ. ಇದು ಮನ್ಯಾಗಿದ್ರ ಕೈ ಸುಮ್ನಿರೂದಿಲ್ರಿ. ಹೊಲಿಯಾಕಂತ ಹೊಕ್ಕೀನಿ, ಹೊರೂದು ಆಗೇ ಬಿಡತೈತಿ. ನಿಮ್ಮ ಹಂತ್ಯಾಕ ಇರ್ಲಿ. ಆಮ್ಯಾಲೆ ಬಂದು ಒಯ್ತೀನಿ."

ಹೀಗೆ ದಬ್ಬಣ ನನ್ನ ಜೊತೆಗಾರನಾಯಿತು. ಎರಡು ತಿಂಗಳು ನಾವು ಒಂದೇ ಮೇಜಿನ ಮೇಲೆ ಮಲಗಿದೆವು. ಅದಕ್ಕೆ ಗಾಲಿಗಳಿಲ್ಲ, ಎಳೆಗಳಿಲ್ಲ, ಬೆನ್ನಿನಲ್ಲಿ ಸಂಖ್ಯೆಯಿಲ್ಲ. ಅದು ಎಷ್ಟು ಚೀಲ ಹೊಲಿದಿದೆಯೆಂದು ಯಾರೂ ಎಣಿಸಿಲ್ಲ. ಇನ್ನೆಷ್ಟು ಹೊಲಿಯಬಹುದೆಂದು ಯಾರೂ ಬರೆದಿಲ್ಲ. ಸವೆದು ಮುರಿಯುವ ದಿನದವರೆಗೆ ಅದು ಕೆಲಸದ್ದೇ. ಅದನ್ನು ನೋಡುತ್ತ ನನಗೆ ಆದದ್ದನ್ನು ಹೊಟ್ಟೆಕಿಚ್ಚು ಎನ್ನಲಾರೆ. ಹಸಿವು ಎನ್ನಬಹುದು.

ಅರವತ್ತೊಂದನೆಯ ದಿನ ದ್ಯಾಮಪ್ಪ ಬಂದ. ಹೊಂಬಳರು ಅವನನ್ನು ನಿಲ್ಲಿಸಿ, ಕೆಮ್ಮಿಸಿ, ತೊಡೆಸಂದಿಗೆ ಅಂಗೈಯಿಟ್ಟು ನೋಡಿದರು. ಮತ್ತೆ ಕೆಮ್ಮಿಸಿದರು. ಬೆರಳಿಗೆ ಏನೂ ತಾಗಲಿಲ್ಲ.

"ಏನೂ ಇಲ್ಲ," ಎಂದರು.

"ನಿಮ್ಮ ಕೈಗೆ ಗೊತ್ತಾತೇನ್ರಿ ಈಗ?"

"ಗೊತ್ತಾತು, ದ್ಯಾಮಪ್ಪ."

ದ್ಯಾಮಪ್ಪ ದಬ್ಬಣವನ್ನು ಎತ್ತಿ, ಅಂಗಿಗೆ ಒರೆಸಿ, ಒಳಗೆ ಸಿಕ್ಕಿಸಿಕೊಂಡ. ಬಾಗಿಲವರೆಗೆ ಹೋದವನು ತಿರುಗಿ ನನ್ನನ್ನು ನೋಡಿದ. "ಕೊಕ್ಕರಿ ಒಂಟಿ ಆತಲ್ರಿ," ಎಂದ. ಹೋದ.

ಇದು ನಡೆದು ನಾಲ್ಕು ವರ್ಷ. ಹೊಂಬಳರು ನಿವೃತ್ತರಾಗುವಾಗ ನನ್ನನ್ನು ಡಾಕ್ಟರ್ ನಸ್ರೀನ್ ಅವರ ಅಭ್ಯಾಸದ ಕೋಣೆಯಲ್ಲಿ ಬಿಟ್ಟುಹೋದರು. ಕಲಿಯಲು ಬರುವವರು ಮೊದಲ ದಿನ ನನ್ನನ್ನು ಕೈಯಲ್ಲಿ ಹಿಡಿದು ಗಾಲಿ ತಿರುಗಿಸುತ್ತಾರೆ. ಆಮೇಲೆ ಕಲಿಯುವವರ ಕೈಗೆ ಮೇಡಂ ಗೋಣಿ ಸುತ್ತಿ ಒಂದು ಚೀಲ ಹೊಲಿಸುತ್ತಾರೆ. ಹುಡುಗರು ನಗುತ್ತಾರೆ, ಚೀಲ ಹರಿದ ಮೇಲೆ ಬಗ್ಗಿ ಅಂಚು ನೋಡುತ್ತಾರೆ. ಅನಂತರ ಯಂತ್ರದ ಬಳಿ ಹೋಗುತ್ತಾರೆ. ನಾನು ಕಿಟಕಿಯ ಬಳಿಯ ಹಲಗೆಯ ಮೇಲೆ ಉಳಿಯುತ್ತೇನೆ. ಎಸ್ತೇರ್ ಸಿಸ್ಟರ್ ಆಗೊಮ್ಮೆ ಈಗೊಮ್ಮೆ ಬಂದು ಧೂಳು ಒರೆಸುತ್ತಾರೆ. ದವಡೆಯ ಸಂದಿಯಲ್ಲಿರುವ ಕೆಂಪನ್ನು ಅವರು ಕಂಡಿದ್ದಾರೆ. ಬ್ರಷ್ಷು ಅವರ ಕಿಸೆಯಲ್ಲೇ ಇರುತ್ತದೆ. ಅದನ್ನು ಮಾತ್ರ ಉಜ್ಜಿಲ್ಲ.

ಹತ್ತು ಬಾಳುಗಳಲ್ಲಿ ನಾನು ಹಿಡಿದ ಸೂಜಿಯಿಂದ ನೂರ ಹದಿನೆಂಟು ಹೊಲಿಗೆಗಳಾದವು. ಆ ದಾರಗಳು ಮೈಯಲ್ಲಿ ಕರಗುವಂಥವು. ಇಷ್ಟರಲ್ಲಿ ಎಲ್ಲವೂ ಕರಗಿವೆ. ಪೊರೆ ತಾನಾಗಿ ಕೂಡಿಕೊಂಡಿದೆ. ಆ ಹತ್ತು ಮಂದಿ ಈಗ ಎಲ್ಲೋ ಉಣ್ಣುತ್ತಿದ್ದಾರೆ, ಕೆಮ್ಮುತ್ತಿದ್ದಾರೆ, ನಗುತ್ತಿದ್ದಾರೆ. ಲೆಕ್ಕ ಸರಿಯಾಗಿದೆ. ತಪ್ಪೇನೂ ಇಲ್ಲ.

ಆದರೆ ಮಧ್ಯಾಹ್ನ ಕೋಣೆ ಖಾಲಿಯಾದಾಗ ನಾನು ಆ ನೂರ ಹದಿನೆಂಟನ್ನು ಎಣಿಸುವುದಿಲ್ಲ. ದ್ಯಾಮಪ್ಪನ ಹೊಟ್ಟೆಯಲ್ಲಿ ಬಿದ್ದ ಹನ್ನೆರಡನ್ನು, ನಾನು ಹಿಡಿಯದ ಸೂಜಿಯ ಹನ್ನೆರಡನ್ನು, ಒಂದರಿಂದ ಎಣಿಸುತ್ತೇನೆ. ಹನ್ನೆರಡಕ್ಕೆ ಬಂದಾಗ ಅಂಚುಗಳು ಕೂಡುತ್ತವೆ. ಅಲ್ಲೇ ನಿಲ್ಲಿಸುತ್ತೇನೆ. ಜಗ್ಗುವುದಿಲ್ಲ.